ದರಪಟ್ಟಿಯಲ್ಲಿ ಇಲ್ಲದ ಹಗೇವು

(ಶ್ರೀಮಠದ ಮಾಸಿಕ ಶರಣಸಂಗಮದಲ್ಲಿ ‘ನಾನು ಮೆಚ್ಚಿದ ಪುಸ್ತಕಗಳು’ ಎಂಬ ವಿಷಯವಾಗಿ ನಿವೃತ್ತ ಕಾರ್ಯನಿರ್ವಾಹಕ ಇಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಪುಸ್ತಕದ ಬಗ್ಗೆ ಮಾತಾಡಲು ಪ್ರಾಧ್ಯಾಪಕರನ್ನು ಕರೆಯುವುದು ಇಲ್ಲಿನ ರೂಢಿ. ಈ ಸಲ ಪೂಜ್ಯರು “ಇಂಜಿನಿಯರ್ ಏನೇನು ಓದ್ಯಾರ, ಅವರ ಬಾಯಿಂದಲೇ ಕೇಳೋಣು” ಎಂದರಂತೆ. ನಾನು ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ ಮೂವತ್ನಾಲ್ಕು ವರ್ಷ ನೀರಾವರಿಯಲ್ಲಿ ದುಡಿದವನು. ನನ್ನ ಓದು ನಡೆದದ್ದು ಬಹುತೇಕ ಕಾಲುವೆ ಕ್ಯಾಂಪುಗಳಲ್ಲಿ, ಪರಿವೀಕ್ಷಣಾ ಮಂದಿರಗಳ ಕಟ್ಟೆಯ ಮೇಲೆ, ಕರೆಂಟು ಹೋದರೆ ಲಾಟೀನಿನ ಬೆಳಕಿನಲ್ಲಿ. ವಚನಗಳ ಬಗ್ಗೆ ಇವತ್ತು ನಾನು ಮಾತಾಡುವುದಿಲ್ಲ. ಅದನ್ನು ನನಗಿಂತ ಬಲ್ಲವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಕಾದಂಬರಿ, ಕಥೆ, ಒಂದು ಆತ್ಮಕಥೆ, ಇಷ್ಟನ್ನೇ ಹಿಡಿದುಕೊಳ್ಳುತ್ತೇನೆ. ಎಲ್ಲವೂ ನನ್ನ ಸ್ವಂತ ಅಭಿಪ್ರಾಯ. ಒಪ್ಪದವರು ಪ್ರಸಾದದ ಹೊತ್ತಿಗೆ ನನ್ನ ಜೊತೆ ಜಗಳಕ್ಕೆ ಬರಬಹುದು.

ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು, ಇದನ್ನು ಬರೆದವರಿಗೆ ಕೆಲಸ ಗೊತ್ತಿದೆಯೇ ಎಂಬುದನ್ನು. ನಮ್ಮಲ್ಲಿ ಎಷ್ಟೋ ಕಾದಂಬರಿಗಳಲ್ಲಿ ರೈತ ಬರುತ್ತಾನೆ, ಆದರೆ ಇಡೀ ಪುಸ್ತಕ ಮುಗಿದರೂ ಅವನು ಒಂದು ಸಲ ಕುಂಟೆ ಹೊಡೆಯುವುದಿಲ್ಲ. ಇಂಜಿನಿಯರ್ ಬರುತ್ತಾನೆ, ಕರಿ ಕನ್ನಡಕ ಹಾಕಿಕೊಂಡು ಜೀಪಿನಿಂದ ಇಳಿಯುತ್ತಾನೆ, ಲಂಚ ತಿನ್ನುತ್ತಾನೆ, ಹೋಗುತ್ತಾನೆ. ಅವನು ಒಂದು ಲೆವೆಲ್ ತೆಗೆದದ್ದನ್ನು ಯಾರೂ ಬರೆಯುವುದಿಲ್ಲ. ಲಂಚ ತಿನ್ನುವವರು ಇಲ್ಲ ಎಂದು ನಾನು ಹೇಳುತ್ತಿಲ್ಲ, ನಗಬೇಡಿ. ಆದರೆ ಬೆಳಗಿನಿಂದ ಸಂಜೆತನಕ ಆ ಮನುಷ್ಯ ಏನು ಮಾಡುತ್ತಾನೆ ಎಂಬುದು ಗೊತ್ತಿಲ್ಲದೆ ಅವನ ಮನಸ್ಸಿನ ಬಗ್ಗೆ ನೂರು ಪುಟ ಬರೆದರೆ ನನಗೆ ನಂಬಿಕೆ ಬರುವುದಿಲ್ಲ.

ಈ ದೃಷ್ಟಿಯಲ್ಲಿ ಶಿವರಾಮ ಕಾರಂತರು ನನಗೆ ಎಲ್ಲರಿಗಿಂತ ಮೇಲೆ. 1943ರ ‘ಬೆಟ್ಟದ ಜೀವ’ವನ್ನು ನಾಲ್ಕು ಸಲ ಓದಿದ್ದೇನೆ. ದಾರಿ ತಪ್ಪಿದ ಒಬ್ಬ ಮನುಷ್ಯ ಕಾಡಿನ ಅಂಚಿನಲ್ಲಿರುವ ಮುದುಕ ಗೋಪಾಲಯ್ಯನ ಮನೆಗೆ ಬರುತ್ತಾನೆ, ಕೆಲವು ದಿನ ಇರುತ್ತಾನೆ, ಅಷ್ಟೇ ಕಥೆ. ಗೋಪಾಲಯ್ಯ, ಶಂಕರಮ್ಮ ಇಬ್ಬರೇ. ಮಗ ಮನೆ ಬಿಟ್ಟು ಹೋಗಿದ್ದಾನೆ. ಆದರೂ ಆ ಮುದುಕ ಕಾಟುಮೂಲೆ ಎಂಬಲ್ಲಿ ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ್ದಾನೆ. ಅಡಿಕೆ ತೋಟ ಎಂದರೆ ನೆಲದ ಇಳಿಜಾರು ತಿಳಿದಿರಬೇಕು, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಸಿದು ಹೋಗಬೇಕು ತಿಳಿದಿರಬೇಕು. ಗೋಪಾಲಯ್ಯನ ಮಾತಿನಲ್ಲಿ ಆ ತಿಳಿವಳಿಕೆ ಇದೆ. ಯಾರಿಗಾಗಿ ಈ ತೋಟ ಎಂಬ ಪ್ರಶ್ನೆ ಪುಸ್ತಕದ ಉದ್ದಕ್ಕೂ ಕೂತಿರುತ್ತದೆ, ಕಾರಂತರು ಅದನ್ನು ಕೂಗಿ ಕೇಳುವುದಿಲ್ಲ. ಶಂಕರಮ್ಮ ಮಗನನ್ನು ನೆನೆದಾಗ ಮುದುಕ ಮಾತು ಬೇರೆ ಕಡೆ ತಿರುಗಿಸುತ್ತಾನಲ್ಲ, ಅಲ್ಲಿ ನನಗೆ ಗಂಟಲು ಕಟ್ಟುತ್ತದೆ. ಇವತ್ತು ಈ ಊರಿನ ಎಷ್ಟು ಮನೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ, ಹೊಲ ಲಾವಣಿಗೆ ಹೋಗಿದೆ! ಅಂಥ ಮನೆಯಲ್ಲಿ ಈ ಪುಸ್ತಕ ಇರಬೇಕು. ಕಾಡು ಕಡಿದು ತೋಟ ಮಾಡಿದ್ದನ್ನು ಈಗಿನ ಹುಡುಗರು ಪ್ರಶ್ನಿಸುತ್ತಾರೆ. ಪ್ರಶ್ನಿಸಲಿ, ಅದು ನ್ಯಾಯವಾದ ಪ್ರಶ್ನೆಯೇ.

ಭೈರಪ್ಪನವರ ಪುಸ್ತಕಗಳ ಬಗ್ಗೆ ನಮ್ಮಲ್ಲಿ ಎರಡು ಪಂಗಡ. ನನಗೆ ‘ಗೃಹಭಂಗ’ ಬೇಕು, ‘ಆವರಣ’ ಬೇಡ. ‘ಗೃಹಭಂಗ’ದ ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕೂತು ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚುತ್ತಾಳೆ, ಮಕ್ಕಳನ್ನು ಸಾಕುತ್ತಾಳೆ. ಲೆಕ್ಕ ಬರೆಯುವುದರ ಕಷ್ಟ ಲೆಕ್ಕ ಬರೆದವರಿಗೇ ಗೊತ್ತು. ಆ ಹೆಣ್ಣುಮಗಳ ಹೆಸರು ಯಾವ ಸರಕಾರಿ ಪುಸ್ತಕದಲ್ಲೂ ಇರುವುದಿಲ್ಲ, ಸಹಿ ಗಂಡನದು. ಪ್ಲೇಗು ಆ ಮನೆಗೆ ಬಂದಾಗ ಭೈರಪ್ಪನವರು ಒಂದು ಮಾತೂ ಹೆಚ್ಚು ಬರೆಯುವುದಿಲ್ಲ, ಅದಕ್ಕೇ ತಡೆದುಕೊಳ್ಳಲು ಆಗುವುದಿಲ್ಲ. 2007ರ ‘ಆವರಣ’ಕ್ಕೆ ಬಂದರೆ ಪಾತ್ರಗಳು ಲೇಖಕರ ವಾದವನ್ನು ಹೊತ್ತುಕೊಂಡು ತಿರುಗುವ ಹಮಾಲರ ಹಾಗೆ ನನಗೆ ಕಾಣುತ್ತವೆ. ವಾದ ಸರಿಯೋ ತಪ್ಪೋ ಆಮೇಲಿನ ಮಾತು. ನಂಜಮ್ಮನಂಥ ಒಂದು ಜೀವ ಅಲ್ಲಿ ನನಗೆ ಸಿಗಲಿಲ್ಲ.

ನನ್ನದೇ ವೃತ್ತಿಯ ದೊಡ್ಡವರು ಬರೆದ ಒಂದು ಪುಸ್ತಕದ ಮಾತು ಹೇಳಲೇಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಸಿಂಧೂ ನದಿಯ ದಂಡೆಯ ಸುಕ್ಕೂರಿಗೆ ನೀರು ಕೊಟ್ಟದ್ದು, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳು, 1908ರ ಮೂಸಿ ನದಿಯ ಮಹಾಪೂರದ ನಂತರ ಹೈದರಾಬಾದಿಗೆ ಮಾಡಿಕೊಟ್ಟ ಯೋಜನೆ, ಕೃಷ್ಣರಾಜಸಾಗರ, ಎಲ್ಲವೂ ಅದರಲ್ಲಿವೆ. ಕೆಲಸಕ್ಕೆ ಹೊಸದಾಗಿ ಸೇರಿದ ಪ್ರತಿ ಇಂಜಿನಿಯರಿಗೂ ಅದನ್ನು ಓದಿ ಎಂದು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅಷ್ಟು ಶುದ್ಧವಾದ ವರದಿ ಬರೆಯುವುದು ಸುಲಭವಲ್ಲ. ಆದರೆ ಅದು ವರದಿಯೇ. ಅವರ ಮನೆ, ಅವರ ದುಃಖ, ನಿದ್ದೆ ಬಾರದ ಒಂದು ರಾತ್ರಿ, ಇಂಥವನ್ನು ಹುಡುಕಿದರೆ ಅದರಲ್ಲಿ ಕೈಗೆ ಹತ್ತುವುದಿಲ್ಲ. ಅಣೆಕಟ್ಟಿನ ಎತ್ತರ ಸಿಗುತ್ತದೆ. ಅಣೆಕಟ್ಟಿನ ಹಿಂದೆ ನೀರು ನಿಂತ ಮೇಲೆ ಒಂದು ಮನೆಯೊಳಗೆ ಏನಾಗುತ್ತದೆ ಎಂದು ತಿಳಿಯಲು ನಾನು ಬೇರೆ ಪುಸ್ತಕಕ್ಕೆ ಹೋಗಬೇಕಾಯಿತು.

ಆ ಪುಸ್ತಕ ನಾ. ಡಿಸೋಜರ ‘ದ್ವೀಪ’. ಸಾಗರದ ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲೇ ನೌಕರಿ ಮಾಡಿದವರು, ಶರಾವತಿ ಯೋಜನೆಯನ್ನು ಒಳಗಿನಿಂದ ಕಂಡವರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2025ರ ಜನವರಿಯಲ್ಲಿ ತೀರಿಕೊಂಡರು. ಲಿಂಗನಮಕ್ಕಿಯಲ್ಲಿ 1964ರಲ್ಲಿ ಆಣೆಕಟ್ಟು ಎದ್ದಿತು, ನಾಡಿಗೆಲ್ಲ ಬೆಳಕು ಬಂತು, ಶರಾವತಿ ಕಣಿವೆಯ ಊರುಗಳು ನೀರಿನ ಕೆಳಗೆ ಹೋದವು. ‘ದ್ವೀಪ’ದಲ್ಲಿ ಉಳಿದ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತವೆ. ಗಣಪಯ್ಯ ಮತ್ತು ಅವನ ಹೆಂಡತಿ ಉಳಿಯುತ್ತಾರೆ. ಮಳೆ ಹಿಡಿಯುತ್ತದೆ, ನೀರು ಏರುತ್ತದೆ, ಅವರಿರುವ ಜಾಗ ನಡುಗಡ್ಡೆಯಾಗುತ್ತದೆ. ಅಲ್ಲಿಗೆ ಮೂರನೆಯವನಾಗಿ ಒಬ್ಬ ಯುವಕ ಬರುತ್ತಾನೆ, ಗಂಡನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ. ಇದನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದ್ದಾರೆ, ಸೌಂದರ್ಯ ಅದರಲ್ಲಿ ಬಹಳ ಚೆನ್ನಾಗಿ ಮಾಡಿದ್ದಾರೆ. ಸಿನಿಮಾ ನೋಡಿದ್ದೇವೆ ಎಂದು ಪುಸ್ತಕ ಬಿಡಬೇಡಿ.

ಈ ಪುಸ್ತಕ ನನಗೆ ಯಾಕೆ ಇಷ್ಟು ದೊಡ್ಡದು ಎಂದು ಹೇಳುತ್ತೇನೆ. ನೀರು ಏರುವುದನ್ನು ನಾವು ಇಂಜಿನಿಯರುಗಳು ಮೀಟರಿನಲ್ಲಿ ನೋಡುತ್ತೇವೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ವಿಷಯ ನಿಮಗೆಲ್ಲ ಗೊತ್ತು, ಈ ಸಭೆಯಲ್ಲಿ ಆ ಗೆರೆಯ ಕೆಳಗೆ ಹೊಲ-ಮನೆ ಇದ್ದವರೂ ಇದ್ದೀರಿ. ನಕಾಶೆಯಲ್ಲಿ ಅದು ಒಂದು ಡೊಂಕು ಗೆರೆ. ಡಿಸೋಜರ ಪುಸ್ತಕದಲ್ಲಿ ಅದೇ ನೀರು ದಿನಕ್ಕೆ ಒಂದಿಷ್ಟು ಅಂಗಳದ ಕಡೆ ಬರುತ್ತದೆ, ಇಬ್ಬರು ಮನುಷ್ಯರು ಅದನ್ನು ನೋಡುತ್ತಾ ಕೂತಿರುತ್ತಾರೆ. ನೀರು ಏರಿದಷ್ಟೂ ಗಂಡ-ಹೆಂಡತಿಯ ನಡುವಿನ ಜಾಗ ಕಿರಿದಾಗುತ್ತದೆ, ಕಿರಿದಾದಷ್ಟೂ ಒಬ್ಬರಿಗೊಬ್ಬರು ದೂರ ಆಗುತ್ತಾರೆ. ಊರು ಎಂಬುದು ಸುತ್ತ ಇದ್ದಾಗ ಆ ಸಂಸಾರ ಹೇಗೋ ನಡೆದಿತ್ತು. ಊರು ಎದ್ದು ಹೋದ ಮೇಲೆ ಅದಕ್ಕೆ ಆಧಾರ ತಪ್ಪಿತು. ಅಣೆಕಟ್ಟು ಬೇಡವಾಗಿತ್ತು ಎಂದು ಡಿಸೋಜರು ಭಾಷಣ ಮಾಡುವುದಿಲ್ಲ. ನಾನೂ ಮಾಡುವುದಿಲ್ಲ. ಈ ಕಡೆಯ ಒಣ ಎರೆಹೊಲಕ್ಕೆ ನೀರು ಬಂದದ್ದನ್ನು ಕಣ್ಣಾರೆ ಕಂಡವನು ನಾನು, ಮೊದಲ ಸಲ ಹಂಚುಗಾಲುವೆಯಲ್ಲಿ ನೀರು ಬಿಟ್ಟ ದಿನ ಮುದುಕರು ಕಾಲುವೆಗೆ ಇಳಿದು ನೀರಿಗೆ ಕೈಮುಗಿದದ್ದನ್ನು ಕಂಡಿದ್ದೇನೆ. ಎರಡೂ ಖರೆ.

ಮುಳುಗಡೆ ಆಗುವ ಊರಿನಲ್ಲಿ ಮನೆಗಳ ಬೆಲೆ ಕಟ್ಟುವಾಗ ನಮ್ಮ ಕೈಯಲ್ಲಿ ಒಂದು ನಮೂನೆ ಇರುತ್ತಿತ್ತು. ಗೋಡೆ ಕಲ್ಲಿನದೋ ಮಣ್ಣಿನದೋ, ಮಾಳಿಗೆ ಎಷ್ಟು ಅಂಕಣ, ಬಾವಿ ಇದೆಯೋ, ಬೇವಿನ ಗಿಡ ಎಷ್ಟು, ಹುಣಸೆ ಎಷ್ಟು, ಹೀಗೆ ಕಾಲಮ್ಮುಗಳು. ನಾನು ಕಿರಿಯ ಇಂಜಿನಿಯರ್ ಆಗಿದ್ದಾಗ ಒಂದು ಮನೆಯ ಅಳತೆ ಮುಗಿಸಿ ಟೇಪು ಸುತ್ತಿಕೊಳ್ಳುತ್ತಿದ್ದೆ. ಒಬ್ಬ ಅಜ್ಜಿ ಬಂದು, “ಸಾಹೇಬ್ರ, ಹಗೇವು ಬರಕೊಂಡ್ರ್ಯಾ?” ಎಂದು ಕೇಳಿದಳು. ಜೋಳ ತುಂಬಿಡುವ ನೆಲದೊಳಗಿನ ಹಗೇವು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬರಗಾಲದಲ್ಲಿ ಒಂದು ಓಣಿಯನ್ನೇ ಕಾಯ್ದ ಹಗೇವು ಅದು ಎಂದಳು. ನಮೂನೆಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ. ಷರಾದಲ್ಲಿ ಬರೆದೆ: ಹಗೇವು ಒಂದು, ಆಳ ಎಂಟು ಅಡಿ. ಮೇಲಿನ ಕಚೇರಿಯಿಂದ ಆ ಹಾಳೆ ತಿರುಗಿ ಬಂದಾಗ ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಪಕ್ಕದಲ್ಲಿ ‘ದರಪಟ್ಟಿಯಲ್ಲಿ ಇಲ್ಲ’ ಎಂದು ಬರೆದಿತ್ತು. ಕಡತದ ಭಾಷೆಯಲ್ಲಿ ಅದು ಸರಿಯಾದ ಮಾತೇ. ಡಿಸೋಜರ ‘ದ್ವೀಪ’, ‘ಮುಳುಗಡೆ’ ಎರಡನ್ನೂ ನಾನು ಓದಿದ್ದು ಆ ಕೆಲಸದ ದಿನಗಳಲ್ಲೇ. ದರಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಒಬ್ಬ ಮನುಷ್ಯ, ಅದೂ ಇಲಾಖೆಯವನೇ, ಕೂತು ಬರೆದಿಟ್ಟಿದ್ದಾನಲ್ಲ ಎಂದು ಅನ್ನಿಸಿತು.

ಇನ್ನು ಹೊಸಬರ ಮಾತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರದು, ಒಂದು ಸಂಜೆಗೆ ಓದಿ ಮುಗಿಸುವಷ್ಟು ಚಿಕ್ಕದು. ಹೆಸರು ನೋಡಿ ಹೆದರಬೇಡಿ, ಬಿಡಿಸಲಾಗದ ಹಾಗೆ ಗಂಟುಬಿದ್ದದ್ದಕ್ಕೆ ಒಂದು ಮನೆಯವರು ತಮ್ಮತಮ್ಮಲ್ಲೇ ಮಾಡಿಕೊಂಡ ಪದ ಅದು. ಬೆಂಗಳೂರಿನ ಒಂದು ಸಂಸಾರ. ಅಪ್ಪ ಸೇಲ್ಸ್‌ಮನ್. ಇರುವೆ ಕಾಟದ ಚಿಕ್ಕ ಬಾಡಿಗೆ ಮನೆ. ಅಪ್ಪನ ನೌಕರಿ ಹೋಗುತ್ತದೆ, ಬಂದ ರೊಕ್ಕವನ್ನು ಚಿಕ್ಕಪ್ಪ ಮಸಾಲೆ ವ್ಯಾಪಾರಕ್ಕೆ ಹಾಕುತ್ತಾನೆ, ವ್ಯಾಪಾರ ಕುದುರುತ್ತದೆ, ದೊಡ್ಡ ಮನೆ ಬರುತ್ತದೆ. ಆಮೇಲೆ ಇಡೀ ಮನೆ ಆ ದುಡಿಯುವ ಚಿಕ್ಕಪ್ಪನ ಸುತ್ತ ಕೋಟೆ ಕಟ್ಟಿ ನಿಲ್ಲುತ್ತದೆ. ಅವನನ್ನು ಹುಡುಕಿಕೊಂಡು ಡಬ್ಬಿಯಲ್ಲಿ ಬೇಳೆಯ ಸಾರು ತಂದ ಒಬ್ಬ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬೈದು ಅಟ್ಟುತ್ತಾರೆ. ಕಥೆ ಹೇಳುವ ಹುಡುಗ ಕೆಲಸ ಇಲ್ಲದೆ ಕಾಫಿ ಹೌಸಿನಲ್ಲಿ ಕೂತಿರುತ್ತಾನೆ.

ಇದು ಪೇಟೆಯ ಕಥೆ, ನಮಗೇಕೆ ಎಂದು ನಮ್ಮ ವಾಚನಾಲಯದಲ್ಲಿ ಒಬ್ಬರು ಕೇಳಿದರು. ನನಗೆ ಇದು ಪುನರ್ವಸತಿ ಕೇಂದ್ರದ ಕಥೆಯಾಗಿಯೇ ಕಂಡಿತು. ಪರಿಹಾರದ ರೊಕ್ಕ ಬಂದ ವರ್ಷ ಹೇಗಿತ್ತು ನೆನಪು ಮಾಡಿಕೊಳ್ಳಿ. ಮೋಟಾರ್ ಸೈಕಲ್ಲಿನ ಅಂಗಡಿಯವರು ಊರ ಅಗಸಿಗೆ ಬಂದು ಟೆಂಟು ಹಾಕಿದರು. ಬ್ಯಾಂಕಿನ ಪಾಸ್‌ಬುಕ್ಕು ಯಾರ ಹೆಸರಿನಲ್ಲಿದೆಯೋ ಅವನ ಮಾತು ಮನೆಯಲ್ಲಿ ಮೇಲಾಯಿತು. ಒಂದೇ ತಾಟಿನಲ್ಲಿ ಉಂಡ ಅಣ್ಣತಮ್ಮಂದಿರು ಹೆಚ್ಚುವರಿ ಪರಿಹಾರದ ಪಾಲಿಗಾಗಿ ಕೋರ್ಟಿನ ಎರಡು ಬಾಕಿನ ಮೇಲೆ ಕೂತರು. ಅಕ್ಕತಂಗಿಯರು ಪಾಲು ಕೇಳಿದಾಗ ತವರಿನ ಬಾಗಿಲು ಹಾಕಿತು. ಹೊಲ ಇದ್ದಾಗ ಈ ಮನೆಗಳು ಸ್ವರ್ಗವಾಗಿದ್ದವು ಎಂದು ನಾನು ಹೇಳಲಾರೆ, ಆಗಲೂ ಜಗಳ ಇದ್ದವು. ಆದರೆ ಹೊಲದ ಜಗಳದಲ್ಲಿ ನಾಳೆ ಮತ್ತೆ ಅದೇ ಹೊಲಕ್ಕೆ ಕೂಡಿ ಹೋಗಬೇಕಿತ್ತು. ರೊಕ್ಕ ಹಂಚಿಕೊಂಡರೆ ಆ ನಾಳೆ ಇಲ್ಲ. ಶಾನಭಾಗರು ನಮ್ಮ ಊರನ್ನು ನೋಡಿದ್ದಾರೋ ಇಲ್ಲವೋ, ಈ ಮಾತನ್ನು ಮಾತ್ರ ಒಂದು ಕಡೆಯೂ ಬಾಯಿಬಿಟ್ಟು ಹೇಳದೆ ತೋರಿಸಿದ್ದಾರೆ. ನನ್ನ ಆಕ್ಷೇಪಣೆ ಒಂದೇ. ಕಥೆಯ ಕೊನೆಯನ್ನು ಅವರು ಸಂಶಯದಲ್ಲಿ ಬಿಡುತ್ತಾರೆ. ನಾನು ಸ್ಪಷ್ಟ ಉತ್ತರ ಬೇಡುವ ವೃತ್ತಿಯಿಂದ ಬಂದವನು, ಪುಸ್ತಕ ಮುಚ್ಚಿ ಸ್ವಲ್ಪ ಸಿಟ್ಟು ಮಾಡಿಕೊಂಡೆ.

ತೇಜಸ್ವಿಯವರ ‘ಕರ್ವಾಲೊ’ ನಿಮ್ಮಲ್ಲಿ ಬಹಳ ಜನ ಓದಿದ್ದೀರಿ, ಅದಕ್ಕೇ ಎರಡೇ ಮಾತು. ಹಾರುವ ಓತಿಯ ಬೆನ್ನು ಹತ್ತಿ ಹೋಗುವ ಆ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣನನ್ನು ಸರಿಸಮನಾಗಿ ಕಾಣುತ್ತಾನಲ್ಲ, ಅದು ನನಗೆ ಬಹಳ ಹಿಡಿಸಿತು. ಸರ್ವೇ ಮಾಡುವಾಗ ನಮ್ಮ ಜೊತೆ ಸ್ಟಾಫು ಹಿಡಿಯುವ ಖಲಾಸಿಗಳು ಇರುತ್ತಿದ್ದರು. ಕೆಲವರಿಗೆ ಹಳ್ಳದ ಹಳೆಯ ಪಾತ್ರ ಎಲ್ಲಿತ್ತು, ಯಾವ ವರ್ಷ ನೀರು ಎಲ್ಲಿಯತನಕ ಬಂದಿತ್ತು ಎಂಬುದು ನಕಾಶೆಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಅವರ ಹೆಸರು ಹಾಜರಿ ಪಟ್ಟಿ ಬಿಟ್ಟು ಬೇರೆಲ್ಲೂ ಇಲ್ಲ. ಮಕ್ಕಳಿಗೆ ವಿಜ್ಞಾನ ಎಂದರೆ ಏನು ಎಂದು ಹೇಳಲು ‘ಕರ್ವಾಲೊ’ಗಿಂತ ಒಳ್ಳೆಯ ಕನ್ನಡ ಪುಸ್ತಕ ನನಗೆ ಗೊತ್ತಿಲ್ಲ.

ದೇವನೂರ ಮಹಾದೇವರನ್ನು ಓದಲು ನಮ್ಮ ಕಡೆಯವರು ಹಿಂಜರಿಯುತ್ತಾರೆ, ನಂಜನಗೂಡಿನ ಕಡೆಯ ಆಡುಮಾತು ನಮಗೆ ತಿಳಿಯುವುದಿಲ್ಲ ಎಂದು. ‘ಕುಸುಮಬಾಲೆ’ಯನ್ನು ಕಣ್ಣಿನಲ್ಲಿ ಓದಬೇಡಿ, ಗಟ್ಟಿಯಾಗಿ ಬಾಯಿಬಿಟ್ಟು ಓದಿ. ದೀಪದ ಜೋತಮ್ಮಂದಿರು ರಾತ್ರಿ ಕೂಡಿ ಮಾತಾಡುವ ಆ ಭಾಗ ಕಿವಿಗೆ ಬಿದ್ದರೆ ತಾನೇ ತಿಳಿಯುತ್ತದೆ. ಮೊದಲು ‘ಒಡಲಾಳ’ದಿಂದ ಶುರು ಮಾಡಿದರೆ ಇನ್ನೂ ಸುಲಭ. ಸಾಕವ್ವನ ಹುಂಜ ಕಳೆದಿದೆ, ಅವಳು ಹುಡುಕುತ್ತಿದ್ದಾಳೆ. ಆ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ, ನಮ್ಮ ಮಾತಿನಲ್ಲಿ ಶೇಂಗಾ, ಸುಲಿದು ಸುಲಿದು ತಿನ್ನುತ್ತಾರೆ. ಹಸಿವಿನ ಬಗ್ಗೆ ಕನ್ನಡದಲ್ಲಿ ಎಷ್ಟೋ ಕಣ್ಣೀರಿನ ಬರಹ ಬಂದಿದೆ. ಇಲ್ಲಿ ಕಣ್ಣೀರಿಲ್ಲ, ಆ ಮನೆಯಲ್ಲಿ ಆ ಹೊತ್ತಿಗೆ ಹಬ್ಬದ ಸಡಗರ ಇದೆ. ಬೆಳಗಾದರೆ ಪೊಲೀಸರು ಬರುತ್ತಾರೆ ಎಂಬುದು ನಮಗೆ ಗೊತ್ತಿದ್ದೂ ಅವರ ಜೊತೆ ನಾವೂ ಕೂತು ತಿಂದ ಹಾಗೆ ಆಗುತ್ತದೆ. ದಾಸೋಹದ ಮಾತು ದಿನವೂ ಆಡುವ ನಾವು ಆ ಹತ್ತಿಪ್ಪತ್ತು ಪುಟಗಳನ್ನು ವರ್ಷಕ್ಕೊಮ್ಮೆ ಇಲ್ಲಿ ಗಟ್ಟಿಯಾಗಿ ಓದಿಸಬೇಕು ಎಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ.

ಕೊನೆಯದಾಗಿ ಬಾನು ಮುಷ್ತಾಕ್. 2025ರಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ಅನುವಾದ ದೀಪಾ ಭಾಸ್ತಿಯವರದು. ಪ್ರಶಸ್ತಿ ಬಂದ ಮೇಲೆ ಎಲ್ಲರೂ ಮಾತಾಡಿದರು. ಹೊಗಳಿದವರಲ್ಲೂ ಬೈದವರಲ್ಲೂ ಎಷ್ಟು ಜನ ಓದಿದ್ದರು ಎಂದು ನಾನು ಕೇಳಹೋಗುವುದಿಲ್ಲ. ‘ಎದೆಯ ಹಣತೆ’ ಎಂಬ ಒಂದು ಕಥೆ ಓದಿ ಸಾಕು. ಗಂಡ ಬೇರೆ ಹೆಣ್ಣಿನ ಸಂಗ ಮಾಡಿದ್ದಾನೆ ಎಂದು ಮೆಹರುನ್ ಕೈಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮರ್ಯಾದೆಯ ಮಾತಾಡಿ, ಅವಳನ್ನು ತಿರುಗಿ ಅದೇ ಮನೆಗೆ ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಕೈಗೆತ್ತಿಕೊಳ್ಳುತ್ತಾಳೆ. ಅವಳನ್ನು ತಡೆಯುವವಳು ಅವಳ ದೊಡ್ಡ ಮಗಳು.

ಇದು ಅವರ ಸಮಾಜದ ಕಥೆ ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ನಾನು ಅವರಿಗೆ, “ಅಣ್ಣಾರ, ಹೆಸರು ಬದಲಿಸಿ ಓದ್ರಿ” ಎಂದೆ. ಮೆಹರುನ್ ಇದ್ದಲ್ಲಿ ಮಹಾದೇವಿ ಎಂದು ಓದಿಕೊಂಡು ಹೋದರೆ ಒಂದು ವಾಕ್ಯವೂ ತಡೆಯುವುದಿಲ್ಲ. ಗಂಡನ ಮನೆಯಿಂದ ತಿರುಗಿ ಬಂದ ಮಗಳಿಗೆ “ಹೊಂದಿಕೊಂಡು ಹೋಗವ್ವ” ಎಂದು ಹೇಳಿ ಬಸ್ಸು ಹತ್ತಿಸಿದ ಮನೆಗಳು ನಮ್ಮ ಓಣಿಯಲ್ಲೂ ಇವೆ. ಹೆಣ್ಣಿಗೆ ಸಮಾನತೆ ಕೊಟ್ಟ ಪರಂಪರೆ ನಮ್ಮದು ಎಂದು ಇದೇ ವೇದಿಕೆಯಿಂದ ನಾವು ಹೇಳುತ್ತೇವೆ. ಆ ಕಥೆ ಓದಿದ ಮೇಲೆ ಹಾಗೆ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ಕುವೆಂಪು, ಮಾಸ್ತಿ, ನಮ್ಮ ಕಡೆಯ ರಾವಬಹಾದ್ದೂರರ ‘ಗ್ರಾಮಾಯಣ’, ಇವರನ್ನೆಲ್ಲ ಬಿಟ್ಟೆ ಎಂದು ಬೇಜಾರಾಗಬೇಡಿ. ‘ಗ್ರಾಮಾಯಣ’ಕ್ಕೆ ಇನ್ನೊಂದು ಸಂಜೆಯೇ ಬೇಕು, ಒಬ್ಬ ನಾಯಕ ಅಂತಿಲ್ಲದೆ ಇಡೀ ಊರೇ ನಡೆಸುವ ಕಾದಂಬರಿ ಅದು. ನಾನು ಹೇಳಿದ ಪುಸ್ತಕಗಳಲ್ಲಿ ‘ಬೆಟ್ಟದ ಜೀವ’, ‘ಗೃಹಭಂಗ’, ‘ಕರ್ವಾಲೊ’ ಶ್ರೀಮಠದ ವಾಚನಾಲಯದಲ್ಲಿ ಇವೆ. ‘ದ್ವೀಪ’ದ ನನ್ನ ಪ್ರತಿಯನ್ನು ಇವತ್ತು ತಂದಿದ್ದೇನೆ, ಕಪಾಟಿಗೆ ಸೇರಿಸಿ ಹೋಗುತ್ತೇನೆ. ಹಳೆಯ ಪ್ರತಿ, ಅಂಚಿನಲ್ಲಿ ಅಲ್ಲಲ್ಲಿ ನನ್ನ ಪೆನ್ಸಿಲಿನ ಲೆವೆಲ್ ಲೆಕ್ಕ ಇದೆ. ಅದನ್ನು ಅಳಿಸಿಕೊಂಡು ಓದಿ.